ಮಂಜುಗಡ್ಡೆಗೆ ಹಣ್ಣಿನ ಬಣ್ಣ

ಸ್ಮೂದಿ ಎಂಬ ಪಾನೀಯದ ವಿಷಯದಲ್ಲಿ ನಮ್ಮ ವಿದ್ಯಾವಂತರು ಎರಡು ಪಂಗಡವಾಗಿದ್ದಾರೆ. ಒಂದು ಪಂಗಡಕ್ಕೆ ಅದು ನಾಗರಿಕತೆಯ ಗುರುತು. ದೂರದೇಶದ ಹಣ್ಣಿನ ಹೋಳುಗಳನ್ನು ಹೆಪ್ಪುಗಟ್ಟಿಸಿ ತುಂಬಿದ ಪೊಟ್ಟಣವನ್ನು ನೂರಾರು ರೂಪಾಯಿ ತೆತ್ತು ತಂದು ಮಿಕ್ಸಿಗೆ ಹಾಕಿದರೇ ಅದು ಸ್ಮೂದಿ. ಇನ್ನೊಂದು ಪಂಗಡಕ್ಕೆ ಅದು ಪರದೇಶದ ಪೀಡೆ. ನಮ್ಮ ಅಜ್ಜಿಯರ ಸೀಕರಣೆಯ ಮುಂದೆ ಇದೇನು ಮಹಾ ಎಂಬ ತಾತ್ಸಾರ. ಇವರಿಬ್ಬರೂ ಜಗಳವಾಡುತ್ತಿರುವಾಗ ಮೂರನೆಯದೊಂದು ಪದಾರ್ಥ ಸದ್ದಿಲ್ಲದೆ ಇಬ್ಬರ ಮನೆಗೂ ನುಗ್ಗಿದೆ: ಬಣ್ಣದ ಸಕ್ಕರೆ ನೀರು, ಅದರ ಮೇಲೆ ತೇಲುವ ಮಂಜುಗಡ್ಡೆ. ನನ್ನ ತಕರಾರು ಇರುವುದು ಈ ಮೂರನೆಯದರ ಮೇಲೆ. ಅದಕ್ಕೆ ಬಾಗಿಲು ತೆರೆದುಕೊಟ್ಟ ಮೊದಲಿನ ಇಬ್ಬರ ಮೇಲೆ.

ಬೆಂಗಳೂರಿನ ಹವೆಯಲ್ಲಿ ತಣ್ಣನೆಯ ಪಾನೀಯ ಒಂದು ಶೋಕಿ. ಅದರ ನಿಜವಾದ ಪರೀಕ್ಷೆ ನಡೆಯಬೇಕಾದರೆ ರಾಯಚೂರು ಜಿಲ್ಲೆಗೆ ಹೋಗಬೇಕು. ಲಿಂಗಸುಗೂರು ತಾಲೂಕಿನ ಗುರುಗುಂಟಾವನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಹೈದರಾಬಾದಿನ ನಿಜಾಮರ ಅಧೀನದಲ್ಲಿ ಸಂಸ್ಥಾನವೆನಿಸಿಕೊಂಡಿದ್ದ ಊರು. ಅಮರೇಶ್ವರನ ಭಕ್ತರಿಗೆ ಯಾತ್ರಾಸ್ಥಳ. ಹಟ್ಟಿಯ ಚಿನ್ನದ ಗಣಿಗೆ ನೆರೆಯ ಊರು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಇಂಥ ಕಡೆ ಬಿಸಿಲಲ್ಲಿ ಬಂದವನ ಕೈಗೆ ಏನು ಕೊಡುತ್ತೇವೆ ಎಂಬುದು ರುಚಿಯ ಪ್ರಶ್ನೆ ಮಾತ್ರವಲ್ಲ, ಆರೋಗ್ಯದ ಪ್ರಶ್ನೆ, ಮರ್ಯಾದೆಯ ಪ್ರಶ್ನೆ.

ಮೊದಲು ಮಂಜುಗಡ್ಡೆಯ ವಿಚಾರ ನೋಡಿ. ಅದು ಯಾವ ನೀರಿನದು ಎಂದು ಕೇಳುವ ಅಭ್ಯಾಸ ನಮಗಿಲ್ಲ. ನೀರು ಗಡ್ಡೆ ಕಟ್ಟಿದರೆ ಅದರಲ್ಲಿನ ಕೊಳೆಯೂ ಸತ್ತುಹೋಗುತ್ತದೆ ಎಂದು ನಂಬಿದವರು ಇಂದಿಗೂ ಉಂಟು. ಇದು ಶುದ್ಧ ಸುಳ್ಳು. ಶೈತ್ಯವು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವೆಲ್ಲವನ್ನೂ ಕೊಲ್ಲುವುದಿಲ್ಲ. ಗಡ್ಡೆ ಕರಗಿದರೆ ಅವೂ ಎಚ್ಚರಗೊಳ್ಳುತ್ತವೆ. ಮೀನು ಕೆಡದಂತೆ ಇಡಲು ಮಾಡಿದ ಗಡ್ಡೆ ಶರಬತ್ತಿನ ಲೋಟಕ್ಕೆ ಬೀಳಬಾರದೆಂದು ಮಹಾರಾಷ್ಟ್ರ ಸರಕಾರ 2018ರಲ್ಲಿ ಅಂಥ ಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ವಿಧಿಸಬೇಕಾಯಿತು. ನಮ್ಮ ರಾಯಚೂರು ನಗರದಲ್ಲಿಯೇ 2022ರ ಬೇಸಿಗೆಯ ಕೊನೆಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ನೀರಿನ ಗತಿ ಹೀಗಿರುವಲ್ಲಿ, ಎಲ್ಲಿಯದೋ ನೀರಿನ ಗಡ್ಡೆಯನ್ನು ಒಡೆದು ಲೋಟಕ್ಕೆ ಹಾಕಿ "ತಣ್ಣಗೆ ಕುಡೀರಿ" ಎಂದು ಉಪಚರಿಸುವುದು ಎಂಥ ಉಪಚಾರ?

ಹಾಗಾದರೆ ತಂಪು ಬೇಡವೆ? ಬೇಕು. ಆದರೆ ಅದಕ್ಕೆ ಹೊರಗಿನ ನೀರು ಬೇಡ. ಪರಂಗಿ ಹಣ್ಣಿನ ತೂಕದಲ್ಲಿ 100ಕ್ಕೆ 88ರಷ್ಟು, ಮಾವಿನದರಲ್ಲಿ 80ಕ್ಕೂ ಮಿಗಿಲು, ಗಟ್ಟಿಯೆಂದು ಕಾಣುವ ಬಾಳೆಹಣ್ಣಿನಲ್ಲೂ 75ರಷ್ಟು ನೀರೇ ಇರುತ್ತದೆ. ಬೇರು ಹೀರಿ, ಗಿಡ ಸೋಸಿ, ಸಿಪ್ಪೆಯೊಳಗೆ ಭದ್ರವಾಗಿ ತುಂಬಿಟ್ಟ ನೀರು. ಈ ನೀರನ್ನೇ ಗಡ್ಡೆ ಕಟ್ಟಿಸಿದರೆ ಆಯಿತು. ಹೆಪ್ಪುಗಟ್ಟಿದ ಹಣ್ಣಿನ ಸ್ಮೂದಿಯಲ್ಲಿ ನಾನು ಮೆಚ್ಚುವ ಬುದ್ಧಿವಂತಿಕೆ ಇಷ್ಟೇ: ಅಲ್ಲಿ ಹಣ್ಣೇ ಮಂಜುಗಡ್ಡೆ. ಕರಗಿದಷ್ಟೂ ರುಚಿ ತೆಳುವಾಗುವ ಭಯವಿಲ್ಲ.

ಇಲ್ಲಿ ಸ್ವದೇಶಾಭಿಮಾನಿಗಳು ಎದ್ದು ನಿಲ್ಲುತ್ತಾರೆ. "ಇದು ನಮ್ಮದಲ್ಲ" ಎನ್ನುತ್ತಾರೆ. ಯಾವುದು ನಮ್ಮದು, ಸ್ವಾಮಿ? ಪರಂಗಿ ಹಣ್ಣಿನ ಹೆಸರಿನಲ್ಲಿಯೇ ಪರಂಗಿಯವನು ಕುಳಿತಿದ್ದಾನೆ. ಅನಾನಸು, ಸೀತಾಫಲ, ಪರಂಗಿ, ಇವೆಲ್ಲ ಅಮೆರಿಕ ಖಂಡದ ಹಣ್ಣುಗಳು. ಪೋರ್ತುಗೀಜರ ಹಡಗುಗಳು ಈ ಕಡೆಗೆ ಬಂದ ಮೇಲೆ ನಮಗೆ ದಕ್ಕಿದವು. ಹಣ್ಣು ಬಂದಾಗ ಬೇಡವೆನ್ನದವರು ಅದನ್ನು ಕಾಪಾಡುವ ವಿಧಾನ ಬಂದಾಗ ಮಾತ್ರ ಮಡಿ ಮಾತನಾಡುವುದೇಕೆ? ಸೀಕರಣೆ ದೊಡ್ಡದೆಂಬುದರಲ್ಲಿ ನನಗೆ ಸಂಶಯವಿಲ್ಲ. ಮಾವಿನ ರಸಕ್ಕೆ ಹಾಲು, ಏಲಕ್ಕಿ ಬೆರೆಸಿ ಹೋಳಿಗೆಯ ಜೊತೆಗೆ ಬಡಿಸಿದವರಿಗೆ ಸ್ಮೂದಿಯನ್ನು ಹೊಸದಾಗಿ ಕಲಿಸಬೇಕಾದ್ದೂ ಇಲ್ಲ. ಆದರೆ ಸೀಕರಣೆ ಮಾವಿನ ಕಾಲದೊಂದಿಗೆ ಮುಗಿಯುತ್ತದೆ. ಮುಗಿಯದಂತೆ ಮಾಡುವ ಉಪಾಯ ಕೈಗೆ ಸಿಕ್ಕಿರುವಾಗ ಅಜ್ಜಿಯ ಹೆಸರು ಹೇಳಿ ಅದನ್ನು ತಳ್ಳಿಹಾಕುವುದು ಅಜ್ಜಿಗೇ ಅನ್ಯಾಯ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳಲ್ಲಿ ಒಂದು ಕಾಲದ್ದನ್ನು ಇನ್ನೊಂದು ಕಾಲಕ್ಕೆ ಉಳಿಸಿದವಳು ಅವಳೇ ಅಲ್ಲವೆ?

"ತಂಗಳು" ಎಂಬುದು ಎರಡನೆಯ ಆಕ್ಷೇಪಣೆ. ಸೀತಾಫಲವನ್ನು ನೆನೆದುಕೊಳ್ಳಿ. ದಖ್ಖನ್ನಿನ ಕಲ್ಲುಗುಡ್ಡಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಹಣ್ಣು. ಬುಟ್ಟಿಯಲ್ಲಿ ನಿನ್ನೆ ಕಾಯಾಗಿದ್ದದ್ದು ಇಂದು ಹಣ್ಣಾಗಿ ನಾಳೆ ಕೆಡುತ್ತದೆ. ಮಾರುವ ಹೆಣ್ಣುಮಗಳು ಸಂಜೆಯ ಹೊತ್ತಿಗೆ ಬಂದಷ್ಟಕ್ಕೆ ಕೊಟ್ಟು ಎದ್ದುಹೋಗಬೇಕು. ಅದರ ತಿರುಳನ್ನು ಕುದಿಸಿ ಇಡೋಣವೆಂದರೆ ಕಾಯಿಸಿದರೆ ಕಹಿಯಾಗುವ ಜಾತಿ ಅದು. ಅದನ್ನು ಬೇಸಿಗೆಯವರೆಗೆ ರುಚಿ ಕೆಡದಂತೆ ಉಳಿಸುವ ದಾರಿಯೆಂದರೆ ಹೆಪ್ಪುಗಟ್ಟಿಸುವುದೇ. ಸರಿಯಾಗಿ ಹಣ್ಣಾದ ದಿನವೇ ಗಡ್ಡೆ ಕಟ್ಟಿದ್ದು ತಂಗಳೋ, ಅಂಗಡಿಯಲ್ಲಿ ನಾಲ್ಕು ದಿನ ಬಾಡಿ "ತಾಜಾ" ಎನಿಸಿಕೊಂಡದ್ದು ತಂಗಳೋ?

ಇನ್ನು ಪೊಟ್ಟಣದ ಭಕ್ತರಿಗೆ ಒಂದು ಮಾತು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಶೀಘ್ರವಾಗಿ ಹೆಪ್ಪುಗಟ್ಟಿಸುವ ವಿಧಾನವನ್ನು ರೂಢಿಗೆ ತಂದ. ಆ ಬಗೆಯ ಪದಾರ್ಥಗಳು 1930ರಲ್ಲಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಿಗೆ ಬಂದವು. ಬೇಗ ಗಡ್ಡೆ ಕಟ್ಟಿದರೆ ಹಿಮದ ಹರಳು ಸಣ್ಣದು, ಹಣ್ಣಿನ ಕಟ್ಟು ಮುರಿಯದು. ಮನೆಯ ಫ್ರಿಜ್ ನಿಧಾನಿ; ಅದರಲ್ಲಿ ಹರಳು ದೊಡ್ಡದಾಗಿ ಹಣ್ಣಿನ ಕಣಗಳನ್ನು ಸೀಳುತ್ತದೆ, ಕರಗಿದಾಗ ಹೋಳು ಮೆತ್ತಗಾಗುತ್ತದೆ. ತಟ್ಟೆಯಲ್ಲಿಟ್ಟು ತಿನ್ನುವುದಕ್ಕಾದರೆ ಇದು ದೋಷ. ಮಿಕ್ಸಿಯಲ್ಲಿ ಅರೆಯುವುದಕ್ಕೆ ದೋಷವೇನು ಬಂತು? ನಾವು ಮಾಡಬೇಕಾದ ಕೆಲಸವನ್ನು ಹಿಮ ಅರ್ಧ ಮಾಡಿಟ್ಟಿರುತ್ತದೆ. ಆದ್ದರಿಂದ ಕಾರ್ಖಾನೆಯ ಪೊಟ್ಟಣಕ್ಕೆ ತೆರುವ ಹೆಚ್ಚಿನ ಹಣ ಸ್ಮೂದಿಯ ಮಟ್ಟಿಗೆ ದಂಡ.

ಮಾಡುವ ಕ್ರಮ ಕಷ್ಟದ್ದಲ್ಲ. ಹಣ್ಣು ಹೊರಗೇ ಪೂರ್ತಿ ಮಾಗಬೇಕು. ಕಾಯಿಮಾವನ್ನು ಫ್ರಿಜ್ಜಿನಲ್ಲಿಟ್ಟರೆ ಅದು ಹಣ್ಣಾಗದೆ ಕೆಡುತ್ತದೆ. ಗಡ್ಡೆ ಕಟ್ಟಿದ ಮೇಲೆ ತೊಳೆಯಲಾಗದು, ಆದ್ದರಿಂದ ಒಳ್ಳೆಯ ನೀರಿನಲ್ಲಿ ಮೊದಲೇ ತೊಳೆಯಿರಿ. ಬಾಳೆಯನ್ನು ಸುಲಿದು, ಮಾವು ಪರಂಗಿಗಳನ್ನು ಹೋಳು ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿ ನಾಲ್ಕೈದು ತಾಸು ಇಡಿ. ಆಮೇಲೆ ಡಬ್ಬಿಗೆ ತುಂಬಿ. ಹರಡದೆ ತುಂಬಿದರೆ ಎಲ್ಲ ಒಂದೇ ಬಂಡೆಯಾಗಿ ಕೊಡಲಿ ಬೇಕಾದೀತು. ಸೀತಾಫಲದ ಬೀಜವನ್ನು ಒಂದೂ ಬಿಡದೆ ತೆಗೆಯಬೇಕು. ಅದು ವಿಷದ ಬೀಜ, ಮಿಕ್ಸಿಗೆ ಬೀಳಕೂಡದು. ಇಬ್ಬರಿಗೆ ಒಂದು ಬಾಳೆಹಣ್ಣು, ಒಂದು ಬಟ್ಟಲು ಮಾವು, ಅರ್ಧ ಬಟ್ಟಲು ಪರಂಗಿ, ಒಂದು ಬಟ್ಟಲು ಕಾಯಿಸಿ ಆರಿಸಿದ ಹಾಲು ಅಥವಾ ತಿಳಿ ಮೊಸರು ಸಾಕು. ಹೋಳುಗಳನ್ನು ಐದು ನಿಮಿಷ ಹೊರಗಿಟ್ಟು, ಹಾಲನ್ನು ಮೊದಲು ಹಾಕಿ, ಸ್ವಲ್ಪ ಸ್ವಲ್ಪವೇ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಮಿಕ್ಸಿಯ ಅಲಗೂ ಉಳಿಯುತ್ತದೆ. ಅನಾನಸು ಹಾಕಿದರೆ ಹಾಲಿನ ತಂಟೆಗೆ ಹೋಗಬೇಡಿ; ಅದರೊಳಗಿನ ಒಂದು ಸತ್ತ್ವ ಹಾಲನ್ನು ಒಡೆದು ಕಹಿ ಮಾಡುತ್ತದೆ, ಫ್ರೀಜರಿನ ಶೈತ್ಯಕ್ಕೂ ಅದು ಸಾಯುವುದಿಲ್ಲ. ಕರೆಂಟು ಹೋಗಿ ಹಣ್ಣು ಕರಗಿತೋ, ಅಂದೇ ಕುಡಿದು ಮುಗಿಸಿ. ಮತ್ತೆ ಗಡ್ಡೆ ಕಟ್ಟಿಸಬೇಡಿ.

ಸಕ್ಕರೆಯೆಲ್ಲಿ ಎಂದು ಕೇಳುವಿರಿ. ಇಲ್ಲ. ತೀರ ತಣ್ಣಗಿರುವುದು ನಾಲಿಗೆಗೆ ಸಪ್ಪೆ ಎನಿಸುತ್ತದೆ. ಆ ನೆವದಲ್ಲಿ ಪಾನೀಯ ಮಾರುವವರು ಸಕ್ಕರೆ ಸುರಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ, ಹೊರಗಿನಿಂದ ಬೆರೆಸುವ ಸಕ್ಕರೆಯೂ ಹಣ್ಣಿನ ರಸದ ಸಕ್ಕರೆಯೂ ಸೇರಿ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಮೇಲು. ಪೇಟೆಯ 300 ಮಿಲಿಲೀಟರಿನ ಸಿಹಿಸೋಡಾ ಬಾಟಲಿಯೊಂದರಲ್ಲಿ ಸಾಮಾನ್ಯವಾಗಿ 30 ಗ್ರಾಮಿಗೂ ಹೆಚ್ಚು ಇರುತ್ತದೆ. ಒಂದು ಬಾಟಲಿಗೇ ದಿನದ ಲೆಕ್ಕ ಮುಗಿಯಿತು! ಅರೆದ ಹಣ್ಣೂ ಕಚ್ಚಿ ತಿಂದ ಹಣ್ಣಿಗೆ ಸಮವಲ್ಲ, ಬೇಗ ಇಳಿಯುತ್ತದೆ. ಆದ್ದರಿಂದ ಒಂದು ಲೋಟ ಸಾಕು, ತಂಬಿಗೆ ಬೇಡ. ಸಿಹಿಮೂತ್ರದವರು ವೈದ್ಯರನ್ನು ಕೇಳಲಿ. ಹಣ್ಣು ಚೆನ್ನಾಗಿ ಮಾಗಿದ್ದರೆ ಒಂದು ಚಿಟಿಕೆ ಉಪ್ಪು, ಒಂದಿಷ್ಟು ಏಲಕ್ಕಿಪುಡಿ ಸಾಕು.

ಫ್ರಿಜ್ ಇಲ್ಲದವರ ಮಾತೇನು ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಅವರಿಗೆ ನಾನು ಉಪದೇಶ ಮಾಡಲಾರೆ. ಮಡಕೆಯ ನೀರು, ನೀರುಮಜ್ಜಿಗೆ, ಬೆಲ್ಲದ ಪಾನಕಗಳಲ್ಲಿ ಅವರು ನಮಗಿಂತ ಜಾಣರು. ನನ್ನ ಜಗಳ ಫ್ರಿಜ್ ಇದ್ದವರೊಡನೆ. ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರದಲ್ಲಿ ನಾವು ಕಾಪಾಡುತ್ತಿರುವುದೇನು? ಬಾಗಿಲಿನಲ್ಲಿ ನಾಲ್ಕು ಬಣ್ಣದ ಬಾಟಲಿ, ಮೇಲಿನ ಖಾನೆಯಲ್ಲಿ ನೀರಿನ ಗಡ್ಡೆ. ಅದೇ ಹೊತ್ತಿಗೆ ಗುರುಗುಂಟಾದಂಥ ನೂರು ಊರುಗಳ ರಸ್ತೆಬದಿಯಲ್ಲಿ ಮಾಗಿದ ಹಣ್ಣು ಕೊಳ್ಳುವವರಿಲ್ಲದೆ ಕೊಳೆಯುತ್ತದೆ. ಆ ಬಾಟಲಿಗಳನ್ನು ಹೊರಗಿಡಿ. ಸಂಜೆ ಬುಟ್ಟಿ ಎತ್ತುವ ಹೊತ್ತಿಗೆ ಪೇಟೆಗೆ ಹೋಗಿ, ಉಳಿದ ಹಣ್ಣನ್ನು ಚೌಕಾಸಿ ಮಾಡದೆ ಕೊಂಡು ತನ್ನಿ. ಅಷ್ಟಾದ ಮೇಲೆ ಆ ಪಾನೀಯವನ್ನು ಸ್ಮೂದಿಯೆನ್ನಿ, ಸೀಕರಣೆಯೆನ್ನಿ. ಹೆಸರಿಗಾಗಿ ನಾನು ಯಾರೊಡನೆಯೂ ಜಗಳಕ್ಕೆ ಬರುವುದಿಲ್ಲ.