ಉತ್ತರ ಕೊಟ್ಟವರಿಗೆ ಫಲಿತಾಂಶವೂ ಸಿಗಲಿ



ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ, ರಾಯಚೂರಿನಲ್ಲಿ ಕೃಷಿ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯಗಳಿವೆ.

ಅಲ್ಲಿನ ಸಂಶೋಧನೆ ನಮಗೇಕೆ ಎನ್ನಬೇಡಿ. ನಿಮ್ಮ ಕೊಟ್ಟಿಗೆಯಲ್ಲೇ ಅವರ ವಿಷಯಗಳಿವೆ. ಜೋಳದ ಕಣಕಿಯಲ್ಲಿ ಪ್ರೋಟೀನ್ ಕಡಿಮೆ, ತೊಗರಿ ಹೊಟ್ಟಿನಲ್ಲಿ ಅದಕ್ಕಿಂತ ಹೆಚ್ಚು; ಎರಡನ್ನೂ ಹೇಗೆ ಕೂಡಿಸಿ ಹಾಕಬೇಕೆಂಬುದು ಪಶು ಆಹಾರ ಶಾಸ್ತ್ರ. ಹಾಲಿನ ಬಿಲ್ಲು ಯಾರ ಕೈ ಸೇರುತ್ತದೆ ಎಂಬುದು ಅರ್ಥಶಾಸ್ತ್ರ. ಸಗಣಿ ಬಾಚಿ, ಮೇವು ಹೊತ್ತು, ಹಾಲು ಹಿಂಡುವವಳ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ ಏಕೆಂಬುದು ಸಮಾಜಶಾಸ್ತ್ರ.

ಸಂಶೋಧಕರು ಪ್ರಶ್ನಾವಳಿ ಹಿಡಿದು ಬಂದರೆ ನೀವು ಕೆಲಸ ಬಿಟ್ಟು ಕುಳಿತು ಉತ್ತರ ಕೊಡುತ್ತೀರಿ. ಅವರಿಗೆ ಪಿಎಚ್.ಡಿ. ಸಿಗುತ್ತದೆ. ಇಂಥ ಪ್ರಬಂಧಗಳನ್ನು ಕಂಪ್ಯೂಟರ್ ಪ್ರತಿಯಾಗಿ ಒಪ್ಪಿಸಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿದೆ. 'ಶೋಧಗಂಗಾ' ಜಾಲತಾಣದಲ್ಲಿ ಅವನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಉತ್ತರ ಕೊಟ್ಟವಳಿಗೇ ಅದು ಓದಲು ಬಾರದಿದ್ದರೆ ಏನು ಬಂತು?

ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿಯ ಸಂಘಗಳಲ್ಲಿ ಒಂದು ಪದ್ಧತಿ ಹಾಕಿಕೊಳ್ಳೋಣ. ಸಂಶೋಧಕರು ಬಂದರೆ ಅವರ ಹೆಸರು, ವಿಭಾಗ, ಫೋನ್ ನಂಬರ್ ಸಂಘದ ಪುಸ್ತಕದಲ್ಲಿ ಬರೆಸಿಕೊಳ್ಳಿ. "ಕಂಡುಕೊಂಡದ್ದನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆದು ಕೊಡಿ" ಎಂದು ಕೇಳಿ. ಅದನ್ನು ವಾರ್ಷಿಕ ಮಹಾಸಭೆಯಲ್ಲಿ ಓದಿಸಿ.

ನಿಮ್ಮದೂ ಒಂದು ಪ್ರಶ್ನೆ ಅವರ ಮುಂದಿಡಿ. ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದದ್ದು ಗೊತ್ತೇ ಆಗುವುದಿಲ್ಲವಲ್ಲ, ಅದಕ್ಕೇನು ಮಾಡಬೇಕು? ಮುಂದಿನ ಸಂಶೋಧನೆ ಅಲ್ಲಿಂದಲೇ ಶುರುವಾಗಲಿ.