ಆಲ್ಬುಮಿನ್ ಬಾಟಲಿ ಯಾರಿಗೆ ಬೇಕು, ಯಾರಿಗೆ ಬೇಡ?

2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ‘ವಾನ್ ಹಾಯ್ 503’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. 22 ಸಿಬ್ಬಂದಿಯ ಪೈಕಿ ಪಾರಾದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿನ ನವಮಂಗಳೂರು ಬಂದರಿಗೆ ತಂದಿಳಿಸಿತು. ಗಾಯಾಳುಗಳನ್ನು ಮಂಗಳೂರು ನಗರದ ಆಸ್ಪತ್ರೆಗೆ ಸೇರಿಸಲಾಯಿತು. ಇಬ್ಬರ ಸುಟ್ಟ ಗಾಯ ಗಂಭೀರವಾಗಿತ್ತು. ತೈಲದ ಜೆಟ್ಟಿ, ರಸಗೊಬ್ಬರ ಕಾರ್ಖಾನೆ, ಹೆದ್ದಾರಿಯುದ್ದಕ್ಕೂ ಗ್ಯಾಸ್ ಟ್ಯಾಂಕರ್‌ಗಳ ಸಾಲು ಇರುವ ಈ ಊರಿಗೆ ಬೆಂಕಿಯ ಗಾಯ ಹೊರಗಿನಿಂದ ಬಂದ ಸುದ್ದಿಯೇನಲ್ಲ.

ಮಾನವ ಆಲ್ಬುಮಿನ್ ಔಷಧವಾಗಿ ಹೆಸರು ಮಾಡಿದ್ದೂ ಬಂದರೊಂದರಲ್ಲಿ ಸುಟ್ಟುಕೊಂಡ ನಾವಿಕರಿಂದಲೇ. ಹಾರ್ವರ್ಡ್‌ನ ಎಡ್ವಿನ್ ಕೋನ್ 1940ರ ಸುಮಾರಿಗೆ ರಕ್ತದ ಪ್ಲಾಸ್ಮಾವನ್ನು ತಣ್ಣಗಿನ ಆಲ್ಕೊಹಾಲಿನಲ್ಲಿ ಬೇರ್ಪಡಿಸುವ ವಿಧಾನ ಕಂಡುಹಿಡಿದಿದ್ದರು. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದಾಗ ಪ್ರಯೋಗಾಲಯದಲ್ಲಿದ್ದ ಬಾಟಲಿಗಳು ವಿಮಾನದಲ್ಲಿ ಅಲ್ಲಿಗೆ ಹೋದವು. ತೀವ್ರವಾಗಿ ಸುಟ್ಟುಕೊಂಡಿದ್ದ 7 ಮಂದಿಗೆ ಕೊಟ್ಟಾಗ ಚೇತರಿಕೆ ಕಂಡಿತೆಂದು ವರದಿಯಾಯಿತು. ಆ ಕೀರ್ತಿ ಇಂದಿಗೂ ಕರಗಿಲ್ಲ. ತೊಂದರೆಯೂ ಅಲ್ಲಿಂದಲೇ ಶುರು.

ಆಲ್ಬುಮಿನ್ ನಮ್ಮ ರಕ್ತದಲ್ಲಿ ಅತಿ ಹೆಚ್ಚಿರುವ ಪ್ರೊಟೀನ್. ಲಿವರ್ ದಿನಕ್ಕೆ 10ರಿಂದ 15 ಗ್ರಾಂನಷ್ಟು ತಯಾರಿಸುತ್ತದೆ. ನೀರು ರಕ್ತನಾಳ ಬಿಟ್ಟು ಸೋರದಂತೆ ಹಿಡಿದಿಡುವುದು, ಹಲವು ಔಷಧಗಳನ್ನು ಹೊತ್ತೊಯ್ಯುವುದು ಅದರ ಕೆಲಸ. ಡೆಸಿಲೀಟರ್‌ಗೆ 3.5 ಗ್ರಾಂಗಿಂತ ಕೆಳಗಿಳಿದರೆ ಲ್ಯಾಬ್ ರಿಪೋರ್ಟ್‌ನಲ್ಲಿ ಆ ಸಂಖ್ಯೆ ದಪ್ಪಕ್ಷರದಲ್ಲಿ ಮೂಡುತ್ತದೆ. ಮನೆಯವರ ಕಣ್ಣು ಅಲ್ಲೇ ನೆಡುತ್ತದೆ. ‘ಪ್ರೊಟೀನ್ ಕಮ್ಮಿಯಾಗಿದೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅದನ್ನು ತುಂಬಿಸಬೇಕೆಂಬ ಆತುರ. ಚೀಟಿ ಹಿಡಿದು ಮೆಡಿಕಲ್‌ಗೆ ಓಡಿ, ಸಾವಿರಾರು ರೂಪಾಯಿ ಎಣಿಸಿ, ನಸು ಹಳದಿ ದ್ರವದ 100 ಮಿಲೀ ಬಾಟಲಿ ತರುತ್ತಾರೆ.

ಆ ಬಾಟಲಿಯಲ್ಲಿ ಇರುವುದೆಷ್ಟು? ಶೇ 20ರ ದ್ರಾವಣವಾದರೆ 20 ಗ್ರಾಂ ಪ್ರೊಟೀನ್. ಮೂರು ಕೋಳಿಮೊಟ್ಟೆ ಬೇಯಿಸಿ ತಿಂದರೆ ಹೆಚ್ಚೂಕಡಿಮೆ ಅಷ್ಟೇ ಸಿಗುತ್ತದೆ. ನಾಳಕ್ಕೆ ಏರಿಸಿದ ಆಲ್ಬುಮಿನ್ ಒಡೆದು ಪೋಷಣೆಗೆ ಒದಗುವಷ್ಟರಲ್ಲಿ ವಾರಗಳೇ ಕಳೆಯುತ್ತವೆ. ಪೌಷ್ಟಿಕಾಂಶಕ್ಕಾಗಿ ಇದನ್ನು ಕೊಡುವುದು ದುಡ್ಡು ದಂಡ, ಬೇರೇನಲ್ಲ.

ಇನ್ನೂ ಒಂದು ಮಾತಿದೆ. ಸೋಂಕು, ಉರಿಯೂತ, ದೊಡ್ಡ ಶಸ್ತ್ರಚಿಕಿತ್ಸೆ ಇವು ಬಂದಾಗ ಆಲ್ಬುಮಿನ್ ತಾನಾಗಿ ಇಳಿಯುತ್ತದೆ. ರಕ್ತನಾಳಗಳು ಸೋರತೊಡಗುತ್ತವೆ, ಲಿವರ್ ಬೇರೆ ಪ್ರೊಟೀನ್‌ಗಳ ತಯಾರಿಗೆ ತೊಡಗುತ್ತದೆ. ಇಳಿದ ಸಂಖ್ಯೆ ಕಾಯಿಲೆಯ ತೀವ್ರತೆಯನ್ನು ಹೇಳುತ್ತಿದೆ; ಅದನ್ನು ಮೇಲೆತ್ತಿದ ಮಾತ್ರಕ್ಕೆ ಕಾಯಿಲೆ ಇಳಿಯದು. ಬ್ರಿಟನ್ನಿನಲ್ಲಿ ಲಿವರ್ ಸಿರೋಸಿಸ್ ಬಿಗಡಾಯಿಸಿ ಆಸ್ಪತ್ರೆ ಸೇರಿದ 777 ಮಂದಿಯ ಮೇಲೆ ನಡೆದ ‘ಅಟೈರ್’ ಅಧ್ಯಯನ 2021ರಲ್ಲಿ ಇದನ್ನೇ ತೋರಿಸಿತು. ದಿನವೂ ಆಲ್ಬುಮಿನ್ ಕೊಟ್ಟು ಸಂಖ್ಯೆಯನ್ನು ಗುರಿಗೆ ಮುಟ್ಟಿಸಿದರೂ ಸೋಂಕು, ಕಿಡ್ನಿ ವೈಫಲ್ಯ, ಸಾವು ಕಡಿಮೆಯಾಗಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದ ಪ್ರಕರಣಗಳು ಹೆಚ್ಚಿದವು.

ಹಾಗಂತ ಆಲ್ಬುಮಿನ್ ವಿಷವೇ? 1998ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕೊಕ್ರೇನ್ ತಂಡ ಹೆಚ್ಚುಕಡಿಮೆ ಹಾಗೇ ಹೇಳಿ ಬೆಚ್ಚಿಬೀಳಿಸಿತ್ತು: ಆಲ್ಬುಮಿನ್ ಪಡೆದ ಪ್ರತಿ 17 ಗಂಭೀರ ರೋಗಿಗಳಿಗೆ ಒಂದು ಹೆಚ್ಚುವರಿ ಸಾವು! ಸಣ್ಣಪುಟ್ಟ ಪ್ರಯೋಗಗಳನ್ನು ಒಟ್ಟುಗೂಡಿಸಿ ತೆಗೆದ ಲೆಕ್ಕವದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಐಸಿಯುಗಳಲ್ಲಿ ಸುಮಾರು 7 ಸಾವಿರ ರೋಗಿಗಳ ಮೇಲೆ ನಡೆದ ‘ಸೇಫ್’ ಅಧ್ಯಯನ 2004ರಲ್ಲಿ ಆ ಭಯವನ್ನು ತೊಡೆಯಿತು. 28 ದಿನಗಳಲ್ಲಿ ಆಲ್ಬುಮಿನ್ ಗುಂಪಿನಲ್ಲಿ 726 ಸಾವು, ಅಗ್ಗದ ಸಲೈನ್ ಗುಂಪಿನಲ್ಲಿ 729. ಅಪಾಯವಿಲ್ಲ ಎಂಬ ಸಮಾಧಾನ ಒಂದೆಡೆ. ಹೆಚ್ಚಿನ ಲಾಭವೂ ಇಲ್ಲ ಎಂಬುದು ಇನ್ನೊಂದೆಡೆ. ಅದೇ ಅಧ್ಯಯನದಲ್ಲಿ ತಲೆಗೆ ಪೆಟ್ಟಾದವರನ್ನು ಪ್ರತ್ಯೇಕವಾಗಿ ನೋಡಿದಾಗ ಮಾತ್ರ ಆಲ್ಬುಮಿನ್ ಪಡೆದವರಲ್ಲಿ ಸಾವು ಹೆಚ್ಚಿತ್ತು. ಬೈಕ್ ಅಪಘಾತದಲ್ಲಿ ಮಿದುಳಿಗೆ ಏಟಾದವರ ಮನೆಮಂದಿ ಇದನ್ನು ತಿಳಿದಿರಬೇಕು.

ಹಾಗಾದರೆ ಅದು ನಿಜವಾಗಿ ಕೈಹಿಡಿಯುವುದು ಎಲ್ಲಿ? ಮುಖ್ಯವಾಗಿ ಲಿವರ್ ರೋಗಿಗಳಲ್ಲಿ. ಜಲೋದರದಿಂದ ಹೊಟ್ಟೆ ಉಬ್ಬಿದವರಿಗೆ ಸೂಜಿ ಹಾಕಿ ನೀರು ತೆಗೆಯುವಾಗ 5 ಲೀಟರ್ ದಾಟಿದರೆ ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಕೊಡಬೇಕು. ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಕಿಡ್ನಿಗೆ ಪೆಟ್ಟು. 8 ಲೀಟರ್ ತೆಗೆದರೆ ಮೂರು ಬಾಟಲಿ ಬೇಕಾದೀತು. ಹೊಟ್ಟೆಯ ಆ ನೀರಿಗೇ ಸೋಂಕು ತಗುಲಿದರೆ ಇದು ಜೀವ ಉಳಿಸುವ ಮದ್ದು. 1999ರ ಸ್ಪೇನಿನ ಅಧ್ಯಯನದಲ್ಲಿ ಬರೀ ಆ್ಯಂಟಿಬಯೋಟಿಕ್ ಪಡೆದವರಲ್ಲಿ ಶೇ 29 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರೆ, ಜೊತೆಗೆ ಆಲ್ಬುಮಿನ್ ಪಡೆದವರಲ್ಲಿ ಶೇ 10. ಇದಕ್ಕೆ 60 ಕಿಲೋ ತೂಕದವರಿಗೆ ಮೊದಲ ದಿನ 90 ಗ್ರಾಂ, ಮೂರನೇ ದಿನ 60 ಗ್ರಾಂ ಬೇಕು. ಇಂಥವರಿಗೆ ದುಡ್ಡಿಲ್ಲವೆಂದು ಒಂದೇ ಬಾಟಲಿಗೆ ನಿಲ್ಲಿಸುವುದು, ಬೇಡದವರಿಗೆ ದಿನಕ್ಕೊಂದು ಹಾಕುವುದು, ಎರಡೂ ನಮ್ಮಲ್ಲಿ ನಡೆಯುವ ಅನ್ಯಾಯ. ಸುಟ್ಟ ಗಾಯಕ್ಕೂ ಇಂದು ಮೊದಲ ಗಂಟೆಗಳಲ್ಲಿ ಮುಖ್ಯವಾಗಿ ಕೊಡುವುದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ. ಆಲ್ಬುಮಿನ್ ಯಾವಾಗ, ಎಷ್ಟು ಎಂಬ ಚರ್ಚೆ ತಜ್ಞರಲ್ಲಿ ಮುಗಿದಿಲ್ಲ.

ಇನ್ನು ಸುರಕ್ಷತೆ. ಸಾವಿರಾರು ದಾನಿಗಳ ಪ್ಲಾಸ್ಮಾ ಒಂದೇ ತೊಟ್ಟಿಗೆ ಸೇರುತ್ತದೆ ಎಂದರೆ ಎಚ್‌ಐವಿ, ಕಾಮಾಲೆಯ ಭಯ ಸಹಜ. ಆದರೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಗಂಟೆ ಕಾಯಿಸಿಯೇ ಆಲ್ಬುಮಿನ್ ಹೊರಬರುವುದು. ಆ ಶಾಖಕ್ಕೆ ಈ ವೈರಸ್‌ಗಳು ಉಳಿಯವು. ನಿಜವಾದ ಅಪಾಯ ವಾರ್ಡಿನಲ್ಲಿದೆ. ಬೇಗಬೇಗ ಹರಿಸಿದರೆ ಅಂಗಾಂಶಗಳ ನೀರೆಲ್ಲ ರಕ್ತಕ್ಕೆ ನುಗ್ಗಿ, ಬಲಹೀನ ಹೃದಯ ತಾಳಲಾರದೆ ಉಬ್ಬಸ ಬರುತ್ತದೆ. ಶೇ 25ರ ದ್ರಾವಣಕ್ಕೆ ಸಲೈನ್ ಬದಲು ಬರೀ ಶುದ್ಧೀಕರಿಸಿದ ನೀರು ಬೆರೆಸಿ ಕೆಂಪು ರಕ್ತಕಣಗಳು ಒಡೆದುಹೋದ ಪ್ರಕರಣಗಳು ಅಮೆರಿಕದಲ್ಲಿ 1990ರ ದಶಕದಲ್ಲಿ ವರದಿಯಾಗಿವೆ. ದುಬಾರಿ ವಸ್ತುವಿಗೆ ನಕಲಿಯ ಕಾಟವೂ ಇದ್ದದ್ದೇ. 2007ರಲ್ಲಿ ಚೀನಾದ ಜಿಲಿನ್ ಪ್ರಾಂತ್ಯದ ಆಸ್ಪತ್ರೆಗಳಲ್ಲೇ ನಕಲಿ ಆಲ್ಬುಮಿನ್ ಸಿಕ್ಕಿತ್ತು.

ಕರಾವಳಿಯಲ್ಲಿ ಯುವಕ ಮಂಡಲ, ಭಜನಾ ಮಂದಿರಗಳ ರಕ್ತದಾನ ಶಿಬಿರಗಳಿಗೆ ಬರವಿಲ್ಲ. ಅಲ್ಲಿ ಕೊಟ್ಟ ರಕ್ತದಿಂದ ಬೇರ್ಪಟ್ಟು ಮಿಕ್ಕ ಪ್ಲಾಸ್ಮಾವನ್ನು ಔಷಧ ಘಟಕಗಳಿಗೆ ಕೊಡಲು ಕೇಂದ್ರ ಸರ್ಕಾರ 2015ರಲ್ಲಿ ಲೀಟರಿಗೆ ₹1,600 ವಿನಿಮಯ ಮೌಲ್ಯ ಗೊತ್ತುಮಾಡಿತ್ತು. ದಾನಿ ಪುಕ್ಕಟೆ ಕೊಟ್ಟದ್ದರಿಂದ ತಯಾರಾದ ಮದ್ದನ್ನು ಕಾರಣವಿಲ್ಲದೆ ಸುರಿಯುವುದು ಆ ದಾನಕ್ಕೂ ಅವಮಾನ.

ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ವೆನ್ಲಾಕ್‌ನಂಥ ಹಳೆಯ ಸರ್ಕಾರಿ ಆಸ್ಪತ್ರೆಯೂ ಇದೆ. ಆಲ್ಬುಮಿನ್ ಬರೆಯುವ ಪ್ರತಿ ವೈದ್ಯರೂ ಯಾವ ಕಾರಣಕ್ಕೆ, ಎಷ್ಟು ಗ್ರಾಂ ಎಂದು ಕೇಸ್ ಶೀಟ್‌ನಲ್ಲಿ ಒಂದು ಸಾಲು ಬರೆಯಬೇಕೆಂಬ ನಿಯಮವನ್ನು ಇವು ನಾಳೆಯೇ ತರಬಹುದು. ಅಲ್ಲಿಯವರೆಗೆ ರೋಗಿಯ ಕಡೆಯವರು ಚೀಟಿ ಕೈಗೆ ಬಂದಾಗ ‘ಇದು ಯಾತಕ್ಕೆ ಡಾಕ್ಟ್ರೇ?’ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಿ, ಬಿಲ್‌ನಲ್ಲಿ ಬ್ಯಾಚ್ ನಂಬರ್ ಇದೆಯೇ ನೋಡಿ, ದ್ರವ ಕದಡಿದ್ದರೆ ಹಾಕಿಸಿಕೊಳ್ಳದೆ ವಾಪಸ್ ಮಾಡಿ.