ಕಡತಗಳ ವಲಸೆಗೆ ಓದುಗನೊಬ್ಬ ಬೇಕು

ಗಣಕಯಂತ್ರದ ತಂತ್ರಾಂಶಗಳನ್ನು ನಿರ್ಮಿಸುವವರು ಅವುಗಳೊಡನೆ ಬರೆದಿಡುವ ಕೈಪಿಡಿಗಳು ಒಂದು ಕಾಲದ ಲೇಖನಪದ್ಧತಿಯನ್ನು ತೊರೆದು ಇನ್ನೊಂದು ಕಾಲದ ಪದ್ಧತಿಗೆ ಆಗಾಗ ವಲಸೆ ಹೋಗಬೇಕಾಗುತ್ತದೆಂಬುದು ಆ ವೃತ್ತಿಯ ಹೊರಗಿನವರ ಗಮನಕ್ಕೆ ಸಾಮಾನ್ಯವಾಗಿ ಬಾರದ ಸಂಗತಿ. ಪೈಥಾನ್ ಎಂಬ ಪ್ರಸಿದ್ಧವಾದ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಗಳು ಬಹುಕಾಲ ಲೇಟೆಕ್ ಪದ್ಧತಿಯಲ್ಲಿದ್ದು, 2008ರಲ್ಲಿ ಅದರ 2.6ನೆಯ ಆವೃತ್ತಿ ಹೊರಬರುವ ಹೊತ್ತಿಗೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳತರವಾದ ಗುರುತುಪದ್ಧತಿಗೂ, ಅದಕ್ಕೆಂದೇ ಗೇಯಾರ್ಗ್ ಬ್ರಾಂಡ್ಲ್ ರಚಿಸಿದ ಸ್ಫಿಂಕ್ಸ್ ಎಂಬ ಉಪಕರಣಕ್ಕೂ ಮಾರ್ಪಟ್ಟವು. ಲಿನಕ್ಸ್ ತಿರುಳಿನ ದಾಖಲೆಗಳು 2016ರಿಂದ ಡಾಕ್‌ಬುಕ್ ಎಂಬ ಪದ್ಧತಿಯನ್ನು ಬಿಟ್ಟು ಅದೇ ಸ್ಫಿಂಕ್ಸಿನತ್ತ ಬಂದವು. ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯವರು 2021ರ ಆರಂಭದಲ್ಲಿ ಆಸ್ಕಿಡಾಕ್ ಪದ್ಧತಿಯನ್ನು ಸ್ವೀಕರಿಸಿದರು. ಈ ಸ್ಥಾನಾಂತರಗಳಲ್ಲೆಲ್ಲ ಯಂತ್ರವು ಮಾಡಿದ ಕೆಲಸ ಒಂದು ಪಾಲಾದರೆ, ಪರಿವರ್ತಿತವಾದ ಪುಟಗಳನ್ನು ಒಂದೊಂದಾಗಿ ಓದಿ ತಿದ್ದಿದ ಮನುಷ್ಯರ ಕೆಲಸ ಇನ್ನೊಂದು ಪಾಲು. ಎರಡನೆಯ ಪಾಲಿನ ವಿಷಯವನ್ನು ಯಾರೂ ಹೆಚ್ಚಾಗಿ ಮಾತನಾಡುವುದಿಲ್ಲ.

ತಾಳವಾಡಿಯ ಬೆಟ್ಟಗಳ ಮೇಲಿನ ಗುಮಟಾಪುರದಲ್ಲಿ ಕುಳಿತು ಬರೆಯುತ್ತಿರುವವನಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿಯ ಸೀಮೆ ಮದರಾಸಿನಲ್ಲಿಯೇ ಉಳಿಯಿತು. ಆದುದರಿಂದ ನಮ್ಮ ಜಿಲ್ಲಾ ಕಚೇರಿ ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ತಲುಪಬೇಕಾದ ಈರೋಡಿನಲ್ಲಿದೆ, ಮದುವೆಯ ಕರೆಯೋಲೆಯನ್ನೋ ಗೋರೆಹಬ್ಬದ ಕರಪತ್ರವನ್ನೋ ಕನ್ನಡದಲ್ಲಿ ಅಚ್ಚುಹಾಕಿಸಬೇಕಾದರೆ ಹತ್ತಿರವಾಗುವುದು ಚಾಮರಾಜನಗರ. ದೀಪಾವಳಿಯ ಬೆನ್ನಿಗೇ ಬೀರೇಶ್ವರನ ಗುಡಿಯ ಬಳಿ ಸಗಣಿಯ ರಾಶಿಯಲ್ಲಿ ಹೊರಳಾಡುವ ನಮ್ಮ ಊರಿನ ಗೋರೆಹಬ್ಬವನ್ನು ಚಿತ್ರದಲ್ಲಿ ನೋಡಿದವರು ದೇಶದೆಲ್ಲೆಡೆ ಇದ್ದಾರೆ. ಆ ಹಬ್ಬದ ಕುರಿತು ಕನ್ನಡದಲ್ಲಿ ಬರೆದಿಟ್ಟುದನ್ನು ಹತ್ತು ವರ್ಷಗಳ ಮೇಲೆ ತೆರೆದು ಓದಲು ಸಾಧ್ಯವೇ ಎಂಬುದು ಮಾತ್ರ ಅನುಮಾನ. ಡಿಟಿಪಿ ಅಂಗಡಿಯ ಗಣಕದಲ್ಲಿ ಹಳೆಯ ಕಡತವನ್ನು ತೆರೆಸಿದರೆ ತೆರೆಯ ತುಂಬ ಪರದೇಶದ ಚಿಹ್ನೆಗಳು ಎದ್ದುನಿಲ್ಲುತ್ತವೆ, “ಫಾಂಟು ಹೋಗಿದೆ ಸಾರ್, ಮತ್ತೆ ಟೈಪು ಮಾಡಿಸಿ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹೋದದ್ದು ಫಾಂಟು ಮಾತ್ರವಲ್ಲ. ಬರಹ, ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಪ್ರಚಾರಕ್ಕೆ ಬಂದ ದಿನಗಳಲ್ಲಿ ಗಣಕಯಂತ್ರಗಳಿಗೆ ಕನ್ನಡವೆಂಬ ಲಿಪಿಯೊಂದು ಇದೆಯೆಂಬ ಅರಿವೇ ಇರಲಿಲ್ಲವಾದ ಕಾರಣ, ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳ ಚಿತ್ರಗಳನ್ನು ಕೂರಿಸಿ ಕೆಲಸ ಸಾಗಿಸಬೇಕಾಯಿತು. ಆ ಕಾಲದ ಸೌಕರ್ಯಗಳನ್ನು ನೆನೆದರೆ ಅದು ಶ್ಲಾಘ್ಯವಾದ ಸಾಹಸವೇ ಸರಿ. ಅದರಿಂದಲೇ ಎರಡು ದಶಕಗಳ ಕನ್ನಡ ಮುದ್ರಣ ನಡೆಯಿತು. ಆದರೆ ಅದರ ಒಳರಚನೆಯನ್ನು ಬಿಚ್ಚಿ ನೋಡಿ. ‘ಕನ್ನಡ’ ಎಂಬ ಮಾತನ್ನು ನುಡಿಯ ಹಳೆಯ ಪದ್ಧತಿಯಲ್ಲಿ ಟೈಪು ಮಾಡಿದಾಗ ಕಡತದೊಳಗೆ ಶೇಖರವಾಗುವುದು ಇಂಗ್ಲಿಷಿನ ದೊಡ್ಡ ಪೀ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಏ, ಪೌಂಡ್ ನಾಣ್ಯದ ಚಿಹ್ನೆ, ಪುನಃ ಅದೇ ಏ, ಜರ್ಮನ್ನರ ಜೋಡಿ ಎಸ್ಸು, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಏ: ಒಟ್ಟು ಏಳು ಚಿಹ್ನೆಗಳು. ಆ ಏಕಾರವು ಇಲ್ಲಿ ತಲಕಟ್ಟು. ಜರ್ಮನ್ನರ ಎಸ್ಸು ನಕಾರದ ಒತ್ತು. ಮಕಾರಕ್ಕಂತೂ ಸ್ವಂತ ಮನೆಯೇ ಇಲ್ಲ. ವಕಾರದ ಒಡಲಿಗೆ ಕೊಂಬಿನ ಚಿಹ್ನೆಯನ್ನು ಹಚ್ಚಿ ಅದನ್ನು ಮಕಾರವೆಂದು ಕಣ್ಣಿಗೆ ಒಪ್ಪಿಸಲಾಗುತ್ತದೆ. ‘ಧರ್ಮ’ದ ಅರ್ಕಾವೊತ್ತು ನಾಲಗೆಯಲ್ಲಿ ಮಕಾರಕ್ಕಿಂತ ಮುಂಚೆ ಬಂದರೂ ಕಡತದಲ್ಲಿ ಅದರ ಹಿಂದೆ ನಿಲ್ಲುತ್ತದೆ. ಬರೆದವನು ಬರೆದುದು ಭಾಷೆಯನ್ನು, ಯಂತ್ರವು ಉಳಿಸಿಕೊಂಡುದು ಆ ಭಾಷೆಯ ಛಾಯೆಯನ್ನು.

ಜಗತ್ತಿನ ಲಿಪಿಗಳಿಗೆ ಸಂಕೇತಗಳನ್ನು ಗೊತ್ತುಪಡಿಸುವ ಯೂನಿಕೋಡ್ ಪದ್ಧತಿಯ, 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವತಂತ್ರವಾದ ಸ್ಥಾನ ದೊರಕಿತು. ಅಲ್ಲಿ ‘ಕನ್ನಡ’ವೆಂದರೆ ಐದು ಸಂಕೇತಗಳು: ಕಕಾರ, ನಕಾರ, ಸ್ವರವನ್ನು ಅಳಿಸುವ ವಿರಾಮಚಿಹ್ನೆ, ಇನ್ನೊಂದು ನಕಾರ, ಡಕಾರ. ಒತ್ತು ಎಲ್ಲಿ ಬರಬೇಕು, ತಲಕಟ್ಟು ಹೇಗಿರಬೇಕು ಎಂಬುದು ಫಾಂಟಿಗೆ ಬಿಟ್ಟ ವಿಷಯ; ಕಡತದಲ್ಲಿರುವುದು ಉಚ್ಚಾರಣೆಯ ಕ್ರಮ. ಯೂನಿಕೋಡ್ ನಿರ್ದೋಷವೆಂದು ನಾನು ಹೇಳಲಾರೆ. ಹಳಗನ್ನಡದ ೞಕಾರಕ್ಕೆ ಅದರ ಕರ್ತೃಗಳು ಪ್ರಮಾದದಿಂದ ‘ಫ’ ಎಂದು ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬ ತಮ್ಮದೇ ನಿಯಮಕ್ಕೆ ಕಟ್ಟುಬಿದ್ದು ಅದನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ಸರಿಯಾದ ಉಪನಾಮವೊಂದನ್ನು ಬರೆದು ಸಮಾಧಾನಪಟ್ಟುಕೊಂಡರು. ಇಂಥ ಲೋಪಗಳಿದ್ದರೂ, ಆಕಾರವನ್ನು ಬಿಟ್ಟು ಅಕ್ಷರವನ್ನೇ ದಾಖಲಿಸುವ ಪದ್ಧತಿ ಶ್ರೇಷ್ಠವೆಂಬುದರಲ್ಲಿ ವಿವಾದಕ್ಕೆ ಎಡೆಯಿಲ್ಲ.

ಇಷ್ಟಾದರೂ ಹಳೆಯ ಪದ್ಧತಿ ಅಳಿದಿಲ್ಲ. ಪುಸ್ತಕಪ್ರಕಾಶನದಲ್ಲಿ, ಪುಟವಿನ್ಯಾಸದ ಅಂಗಡಿಗಳಲ್ಲಿ, 2001ರ ಆವೃತ್ತಿಯೇ ಕೊನೆಯದಾದ ಪೇಜ್‌ಮೇಕರಿನಲ್ಲಿ ಇಂದಿಗೂ ಕೆಲಸ ನಡೆಯುತ್ತಿರುವ ಸ್ಥಳಗಳುಂಟು. ಅಲ್ಲಿ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಸುಂದರವಾಗಿ ಕಾಣುತ್ತದೆ. ಅದರೊಳಗೆ ಒಂದು ಪದವನ್ನು ಹುಡುಕಿದರೆ ಮಾತ್ರ ಸಿಗುವುದಿಲ್ಲ. ಆ ಪುಸ್ತಕವು ದೃಷ್ಟಿಹೀನನಾದ ಓದುಗನ ಗಣಕದಲ್ಲಿ ಗಟ್ಟಿಯಾಗಿ ಓದಿಸಿಕೊಳ್ಳಲಾರದು, ಅಂತರಜಾಲದಲ್ಲಿ ಹುಡುಕುವವನ ಕೈಗೆ ಎಂದೂ ಎಟುಕದು.

ಪರಿವರ್ತಕಗಳಿವೆಯಲ್ಲ, ಎಂದು ಆಕ್ಷೇಪಿಸುವವರುಂಟು. ಇವೆ, ಮತ್ತು ಉತ್ಸಾಹಿಗಳು ಬರೆದು ಧರ್ಮಾರ್ಥವಾಗಿ ಹಂಚಿದ ಅವುಗಳಿಂದ ಮಹೋಪಕಾರವಾಗಿದೆ. ಆದರೆ ಅವುಗಳನ್ನು ನಾವು ಬಳಸುವ ರೀತಿಯಲ್ಲಿ ದೋಷವಿದೆ. ತಂತ್ರಾಂಶವೊಂದನ್ನು ಬಳಸುವ ಬಗೆಯನ್ನು ತಿಳಿಸುವ ಕನ್ನಡದ ಕೈಪಿಡಿಯನ್ನೇ ತೆಗೆದುಕೊಳ್ಳಿ. ಅದರ ಕನ್ನಡ ವಾಕ್ಯಗಳ ನಡುವೆ ಗುಂಡಿಗಳ ಹೆಸರು, ಆಜ್ಞೆಗಳ ಹೆಸರು, ಕಡತದ ವಿಳಾಸ ಇವೆಲ್ಲ ಇಂಗ್ಲಿಷಿನಲ್ಲಿಯೇ ಇರುತ್ತವೆ. ಕಡತದ ಒಳಗೆ ಕನ್ನಡವೂ ರೋಮನ್ ಚಿಹ್ನೆ, ಇಂಗ್ಲಿಷೂ ರೋಮನ್ ಚಿಹ್ನೆ. ಈ ಭಾಗ ನುಡಿಯ ಫಾಂಟಿನದು, ಆ ಭಾಗ ಇಂಗ್ಲಿಷ್ ಫಾಂಟಿನದು ಎಂದು ವರ್ಡ್ ಕಡತದಲ್ಲಿ ನಮೂದಾಗಿರುವ ಸೂಚನೆಯೊಂದೇ ಎರಡನ್ನೂ ಬೇರ್ಪಡಿಸುವ ಗೆರೆ. ಪಠ್ಯವನ್ನಷ್ಟೇ ನಕಲುಮಾಡಿ ಪರಿವರ್ತಕದ ಚೌಕದಲ್ಲಿ ಅಂಟಿಸಿದ ಕ್ಷಣದಲ್ಲಿ ಆ ಗೆರೆ ಅಳಿಸಿಹೋಗುತ್ತದೆ. ಪರಿವರ್ತಕವು ಇಂಗ್ಲಿಷಿನ ಎಫ್ ಅನ್ನು ‘ಈ’ ಎಂದೂ ಡಿಯನ್ನು ‘ಆ’ ಎಂದೂ ನಿಷ್ಠೆಯಿಂದ ಬದಲಿಸಿ, ಒತ್ತಬೇಕಾದ ಗುಂಡಿಯ ಹೆಸರಿನ ಸ್ಥಳದಲ್ಲಿ ಯಾವ ಭಾಷೆಗೂ ಸೇರದ ಅಕ್ಷರಗಳ ಗೊಂಚಲೊಂದನ್ನು ನಿಲ್ಲಿಸುತ್ತದೆ. ಶೀರ್ಷಿಕೆ ಯಾವುದು, ಅಡಿಟಿಪ್ಪಣಿ ಯಾವುದು, ಕೋಷ್ಟಕ ಯಾವುದು ಎಂಬ ವಿವೇಚನೆಯೂ ಅದರೊಡನೆ ನಷ್ಟವಾಗುತ್ತದೆ. ಇನ್ನು ‘ರ‍್ಯಾಂಕ್’ ಎಂಬಂಥ ಮಾತುಗಳಲ್ಲಿ ರಕಾರಕ್ಕೆ ಯಕಾರದ ಒತ್ತು ಬರಬೇಕಾದೆಡೆ, ಕಣ್ಣಿಗೆ ಕಾಣದ ಸಂಯೋಜಕ ಸಂಕೇತವೊಂದನ್ನು ನಡುವೆ ಇಡದಿದ್ದರೆ ರಕಾರವು ಅರ್ಕಾವೊತ್ತಾಗಿ ಯಕಾರದ ಹಿಂದಕ್ಕೆ ಜಿಗಿಯುತ್ತದೆ. ಇದನ್ನು ಹಿಡಿಯಲು ಕನ್ನಡ ಬಲ್ಲ ಕಣ್ಣೇ ಬೇಕು.

ಘಟ್ಟದ ಕೆಳಗಿನ ನಮ್ಮ ನೆರೆಯ ತಮಿಳರೂ ಇದೇ ಸಂಕಟವನ್ನು ಅನುಭವಿಸಿದವರು. 1999ರಲ್ಲಿ ಅವರು ನಿಶ್ಚಯಿಸಿಕೊಂಡ ಎರಡು ಫಾಂಟ್ ಸಂಕೇತಗಳ ಪೈಕಿ ಒಂದು ದ್ವಿಭಾಷೆಗೆ ಮೀಸಲಾಗಿದ್ದು, ಇಂಗ್ಲಿಷಿನ ಅಕ್ಷರಗಳನ್ನು ಅವುಗಳ ಸ್ಥಾನದಲ್ಲಿಯೇ ಬಿಟ್ಟು ಮಿಕ್ಕ ಸ್ಥಳದಲ್ಲಿ ತಮಿಳನ್ನು ಕೂರಿಸಿತ್ತು; ನಮ್ಮ ಕೈಪಿಡಿಗಳಿಗೆ ಒದಗುವ ಮೇಲಿನ ಅನರ್ಥವು ಆ ಸಂಕೇತದ ಕಡತಗಳಿಗೆ ಒದಗಲಿಲ್ಲ. ಮುಂದೆ 2010ರ ಜೂನಿನಲ್ಲಿ, ಕೊಯಮತ್ತೂರಿನಲ್ಲಿ ಶಾಸ್ತ್ರೀಯ ತಮಿಳು ಸಮ್ಮೇಳನ ನಡೆದ ಕಾಲಕ್ಕೆ, ತಮಿಳುನಾಡು ಸರ್ಕಾರವು ಯೂನಿಕೋಡನ್ನೂ ಅದರೊಡನೆ 16 ಬಿಟ್ಟಿನ ಇನ್ನೊಂದು ತಮಿಳು ಸಂಕೇತವನ್ನೂ ಅಧಿಕೃತವಾಗಿ ಅಂಗೀಕರಿಸಿತು. ಎರಡನ್ನು ಏಕಕಾಲಕ್ಕೆ ಒಪ್ಪಿದುದು ನನ್ನ ಮಟ್ಟಿಗೆ ಅನಾವಶ್ಯಕವಾದ ಔದಾರ್ಯ. ಆದರೂ ದ್ವಿಭಾಷಾ ಬರಹವೇ ನಿತ್ಯಜೀವನವಾದ ಗಡಿನಾಡಿನವನಿಗೆ ಅವರ ಮೊದಲಿನ ಮುಂದಾಲೋಚನೆ ಮೆಚ್ಚಿಕೆಯಾಗುತ್ತದೆ.

ನಮ್ಮಲ್ಲಿ ಅನುಕರಣಯೋಗ್ಯವಾದ ಕಾರ್ಯಗಳು ನಡೆಯದೆ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯವು ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದುದರಿಂದ ಅವು ವಿಕಿಸೋರ್ಸಿಗೆ ಬಂದು, ಸ್ವಯಂಸೇವಕರು ತಿದ್ದಬಹುದಾದ ಪುಟಗಳಾದವು. ಅಲ್ಲಿಯ ಏರ್ಪಾಟಿನಲ್ಲಿ ನನಗೆ ಹಿಡಿಸಿದುದು ಒಂದೇ ಅಂಶ: ಅಚ್ಚಿನ ಪುಟದ ಚಿತ್ರವನ್ನೂ ಪಠ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ಒಬ್ಬನು ತಿದ್ದಿದ ಪುಟವನ್ನು ಇನ್ನೊಬ್ಬನು ಪರಿಶೀಲಿಸಿದ ಬಳಿಕವೇ ಅದು ಪ್ರಮಾಣಿತವೆನಿಸಿಕೊಳ್ಳುವ ಕ್ರಮ. ಕರಡು ತಿದ್ದುವವನಿಗೆ ನಮ್ಮ ಮುದ್ರಣಾಲಯಗಳಲ್ಲಿ ಒಂದು ಕಾಲಕ್ಕೆ ಇದ್ದ ಗೌರವವನ್ನು ಗಣಕಯುಗದಲ್ಲಿ ಯಾರಾದರೂ ಉಳಿಸಿಕೊಂಡಿದ್ದರೆ ಅದು ಇಂಥ ಕಡೆಗಳಲ್ಲಿ.

ಕಚೇರಿಗಳೂ ಅಕಾಡೆಮಿಗಳೂ ಪ್ರಕಾಶಕರೂ ತಮ್ಮ ಹಳೆಯ ಕಡತಗಳನ್ನು ಪರಿವರ್ತಿಸುವ ಗುತ್ತಿಗೆಯನ್ನು ಕೊಡುವಾಗ ಪುಟಕ್ಕೆ ಇಷ್ಟೆಂದು ದರ ಕಟ್ಟಿ ಅಷ್ಟಕ್ಕೇ ನಿಲ್ಲುವುದು ವಾಡಿಕೆ. ಓದಿ ತಿದ್ದುವವನ ಸಂಭಾವನೆಯನ್ನು ಆ ಲೆಕ್ಕದಲ್ಲಿ ಪ್ರತ್ಯೇಕವಾಗಿ ಬರೆಯದಿದ್ದರೆ ಆ ಹಣವೆಲ್ಲ ವ್ಯರ್ಥವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅವಸರವೂ ಇದೆ. ಹಳೆಯ ಸಂಕೇತಗಳಲ್ಲಿ ಟೈಪು ಮಾಡಿ, ಯಾವ ಕಡತ ಯಾವ ಫಾಂಟಿನದೆಂದು ಕಣ್ಣಿಗೆ ಬಿದ್ದೊಡನೆ ಹೇಳಬಲ್ಲ ಅಕ್ಷರಜೋಡಣೆಯವರು ಈಗ ನಿವೃತ್ತಿಯ ವಯಸ್ಸಿಗೆ ಬಂದಿದ್ದಾರೆ. ಆ ಫಾಂಟುಗಳು ಹೊಸ ಗಣಕಗಳಲ್ಲಿ ತಾವಾಗಿ ಬಂದಿರುವುದಿಲ್ಲ. ಸಿಡಿಗಳಲ್ಲಿ ತುಂಬಿಟ್ಟ ಕಡತಗಳನ್ನು ಓದುವ ಯಂತ್ರವೇ ಮನೆಗಳಲ್ಲಿ ಅಪರೂಪವಾಗುತ್ತಿದೆ.

ನಿಮ್ಮ ಮನೆಯಲ್ಲಿಯೋ ಸಂಘದಲ್ಲಿಯೋ ಇಂಥ ಕಡತಗಳಿದ್ದರೆ ಮೂಲವನ್ನು ಅಳಿಸಬೇಡಿ. ಅದರ ಫಾಂಟನ್ನೂ ಮುದ್ರಿತ ಪ್ರತಿಯೊಂದನ್ನೂ ಜೊತೆಗಿಟ್ಟುಕೊಂಡು, ಪರಿವರ್ತಿಸಿದ ಪಠ್ಯವನ್ನು ಕನ್ನಡ ಬಲ್ಲವರೊಬ್ಬರಿಂದ ಸಾಲುಸಾಲಾಗಿ ಓದಿಸಿ. ಮುಂದಿನ ಸಲ ಡಿಟಿಪಿ ಅಂಗಡಿಗೆ ಹೋದಾಗ, ಅಚ್ಚಾದ ಪ್ರತಿಗಳೊಡನೆ ಯೂನಿಕೋಡಿನಲ್ಲಿರುವ ಕಡತವನ್ನೂ ಕೇಳಿ ಪಡೆದುಕೊಳ್ಳಿ.